ದೂರದ ಹಾಸ್ಟೆಲಿನಲ್ಲಿರುವ ನಮ್ಮ ಮಕ್ಕಳು

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಪಾಲಕರ ಹಾಗೂ ಯುವಜನರ ಸಮಾವೇಶದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯದ ನೂರು ವರ್ಷಗಳ ಈ ಸಂಭ್ರಮದಲ್ಲಿ ನಾವು ಹಿರಿಯರನ್ನು ಕೃತಜ್ಞತೆಯಿಂದ ನೆನೆಯುತ್ತಿದ್ದೇವೆ. ಗೋಡೆಗೆ ಕಲ್ಲು ಹೊತ್ತವರನ್ನೂ, ಜಪತಪಗಳಿಂದ ವಿಶ್ವಾಸದ ದೀಪವನ್ನು ಆರದಂತೆ ಕಾಪಾಡಿದವರನ್ನೂ ಸ್ಮರಿಸುವುದು ಯುಕ್ತವಾದುದೇ. ಆದರೆ ಇಂದಿನ ಸಭೆಯಲ್ಲಿ ಕಾಣದಿರುವ ಕೆಲವರ ವಿಷಯವಾಗಿ ತಮ್ಮೊಡನೆ ಮಾತನಾಡಬಯಸುತ್ತೇವೆ. ಅವರು ತೀರಿಹೋದವರಲ್ಲ, ಬದುಕಿರುವವರು, ನಮ್ಮ ಮನೆಗಳ ಮಕ್ಕಳು. ಈ ಹೊತ್ತಿನಲ್ಲಿ ಬೆಂಗಳೂರಿನಲ್ಲಿಯೋ ಕೋಲಾರದಲ್ಲಿಯೋ ಮತ್ತೊಂದು ಊರಿನಲ್ಲಿಯೋ ಬಿಳಿಯ ಸಮವಸ್ತ್ರ ಧರಿಸಿ ರೋಗಿಗಳ ಹಾಸಿಗೆಯ ಬಳಿ ನಿಂತಿರುವ ನರ್ಸಿಂಗ್ ವಿದ್ಯಾರ್ಥಿನಿಯರು, ವಿದ್ಯಾರ್ಥಿಗಳು.

ವಿಷಯ ಭಾರವಾದುದು. ಉತ್ಸವದ ವೇಳೆಯಲ್ಲಿ ಆತ್ಮಹತ್ಯೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಮನೆಮಂದಿಯೆಲ್ಲ ಒಟ್ಟಿಗೆ ಸೇರುವುದು ಉತ್ಸವದಲ್ಲಿಯೇ. ಆದುದರಿಂದ ಮನೆಮಂದಿಯೆಲ್ಲ ಕೇಳಬೇಕಾದ ಮಾತನ್ನು ಆಡಲು ಇದಕ್ಕಿಂತ ತಕ್ಕ ಸಮಯ ಬೇರಿಲ್ಲ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಈ ಸೀಮೆಯಲ್ಲಿ ದೊಡ್ಡ ನದಿಯಿಲ್ಲ. ಕೆರೆ ತುಂಬಿದರೆ ಬೆಳೆ, ಕೊಳವೆಬಾವಿಯಲ್ಲಿ ನೀರು ಬಂದರೆ ಬದುಕು. ರಾಗಿ, ರೇಷ್ಮೆಗೂಡು, ಟೊಮೆಟೊ, ಮಾವು, ಡೈರಿಗೆ ಹಾಕುವ ಹಾಲು, ಮಾಲೂರಿನ ಇಟ್ಟಿಗೆ ಹೆಂಚುಗಳ ಕೂಲಿ, ಇವುಗಳಿಂದ ಸಂಸಾರ ಸಾಗಿಸುವವರು ನಾವು. ಇಂತಹ ಮನೆಯ ಹೆಣ್ಣುಮಗಳಿಗೆ ದಾದಿಯರ ಶಿಕ್ಷಣವು ಗೌರವದ ಬಾಗಿಲೊಂದನ್ನು ತೆರೆಯಿತು. ಗುಡ್ ಶೆಫರ್ಡ್ ಸಂಸ್ಥೆಯ ಕನ್ಯಾಸ್ತ್ರೀಯರು ಬೆಂಗಳೂರಿನಲ್ಲಿ 1886ರಲ್ಲಿ ಆರಂಭಿಸಿದ ಸಂತ ಮಾರ್ಥರ ಆಸ್ಪತ್ರೆ, ಕೋಲಾರದಲ್ಲಿ ಮೆಥೊಡಿಸ್ಟ್ ಮಿಷನ್ನಿನವರು ಕಟ್ಟಿದ ಇ.ಟಿ.ಸಿ.ಎಂ. ಆಸ್ಪತ್ರೆ, 1963ರಲ್ಲಿ ಸ್ಥಾಪಿತವಾದ ಸಂತ ಜಾನರ ವೈದ್ಯಕೀಯ ಕಾಲೇಜು, ಇಂತಹ ಸಂಸ್ಥೆಗಳಿಂದ ಸೇವಾಪರಂಪರೆಯೊಂದು ಈ ನಾಡಿನಲ್ಲಿ ಬೇರೂರಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಇಂದು ಅದಕ್ಕೆ ಸೇರಿದ ನರ್ಸಿಂಗ್ ಕಾಲೇಜುಗಳು ಬಹುಸಂಖ್ಯೆಯಲ್ಲಿದ್ದು, ಕೇರಳದಿಂದಲೂ ಈಶಾನ್ಯ ರಾಜ್ಯಗಳಿಂದಲೂ ಮಕ್ಕಳು ಬಂದು ಕಲಿಯುತ್ತಾರೆ. ನಮ್ಮ ಮಕ್ಕಳೂ ಆ ಸಾಲಿನಲ್ಲಿ ನಿಲ್ಲುತ್ತಾರೆ. ಮೂರು ವರ್ಷದ ಡಿಪ್ಲೊಮಾ ಇಲ್ಲವೆ ನಾಲ್ಕು ವರ್ಷದ ಬಿ.ಎಸ್ಸಿ. ಮುಗಿಸಿದರೆ ಕೆಲಸ ಸಿಕ್ಕೀತು, ವಿದೇಶಕ್ಕೂ ಹೋಗಬಹುದು ಎಂಬ ಆಸೆ ಇಡೀ ಮನೆಯದಾಗಿರುತ್ತದೆ.

ಆ ಮಗು ಅಲ್ಲಿಗೆ ಹೋದ ಮೇಲೆ ಏನಾಗುತ್ತದೆಂಬುದನ್ನು ಸ್ವಲ್ಪ ಯೋಚಿಸೋಣ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿದವಳು ಅನಾಟಮಿ, ಫಿಸಿಯಾಲಜಿಗಳನ್ನು ಇಂಗ್ಲಿಷಿನಲ್ಲಿ ಓದಬೇಕು. ಮನೆಯಲ್ಲಿ ತೆಲುಗೋ ತಮಿಳೋ ಆಡುತ್ತಿದ್ದವಳು ಹಾಸ್ಟೆಲಿನ ಕೋಣೆಯಲ್ಲಿ ತನಗೆ ಅರ್ಥವಾಗದ ಮಾತುಗಳ ನಡುವೆ ಮಲಗಬೇಕು. ಹದಿನೆಂಟು ವರ್ಷಕ್ಕೆ ಮೊದಲ ಬಾರಿ ಸಾವನ್ನು ಕಣ್ಣೆದುರು ಕಾಣಬೇಕು. ಕಂಡ ಅರ್ಧ ಗಂಟೆಗೆ ಪಕ್ಕದ ಹಾಸಿಗೆಯ ರೋಗಿಯ ಜ್ವರ ನೋಡಬೇಕು. ಅಳುವುದಕ್ಕೆ ಪಾಳಿಯಲ್ಲಿ ವೇಳೆಯಿಲ್ಲ. ತಪ್ಪಾದರೆ ರೋಗಿಯ ಎದುರಿಗೇ ಬೈಗುಳ. ಒಂದೊಂದು ತಿಂಗಳು ಒಂದೊಂದು ವಾರ್ಡಿಗೆ ಬದಲಾಗುವುದರಿಂದ ಎಲ್ಲಿಯೂ ಹೆಸರು ಹಿಡಿದು ಕರೆಯುವವರು ಸಿಗದೆ, ‘ಏ ಸ್ಟೂಡೆಂಟ್’ ಎಂಬುದೇ ಅವಳ ಹೆಸರಾಗುತ್ತದೆ. ದೀಪ ಬೆಳಗುವ ಸಮಾರಂಭದಂದು ಮಗಳ ಕೈಯಲ್ಲಿ ದೀಪ ಕಂಡು ನಮ್ಮ ಕಣ್ಣು ತುಂಬುತ್ತದೆ. ಆ ದೀಪ ಹಿಡಿದ ಕೈ ಹಿಂದಿನ ರಾತ್ರಿ ನಿದ್ದೆಯಿಲ್ಲದೆ ನಡುಗುತ್ತಿತ್ತೆಂಬುದು ಭಾವಚಿತ್ರದಲ್ಲಿ ಕಾಣುವುದಿಲ್ಲ.

ಟೊಮೆಟೊ ಬೆಳೆಯುವ ನಿಮಗೆ ಹೇಳಿಕೊಡಬೇಕಾದುದೇನಿದೆ? ಒಟ್ಟುಪಾತಿಯಿಂದ ಕಿತ್ತು ನಾಟಿ ಮಾಡಿದ ಸಸಿ ಕೆಲವು ದಿನ ಬಾಡಿ ಜೋಲುತ್ತದೆ. ಅದನ್ನು ನೋಡಿ ಯಾವ ರೈತನೂ ಇದು ಹೇಡಿ ಸಸಿಯೆಂದು ಬೈಯುವುದಿಲ್ಲ. ಸಂಜೆ ನೀರು ಕೊಡುತ್ತಾನೆ, ಬಿಸಿಲು ಹೆಚ್ಚಾದರೆ ನೆರಳು ಮಾಡುತ್ತಾನೆ, ಬೇರು ಹಿಡಿಯುವವರೆಗೆ ದಿನವೂ ಹೋಗಿ ನೋಡುತ್ತಾನೆ. ಸಸಿಗೆ ತೋರುವ ಈ ವಿವೇಕವನ್ನು ಮಕ್ಕಳಿಗೂ ತೋರಬೇಕೆಂಬುದೇ ನಮ್ಮ ಅರಿಕೆ.

ಭಾರತದ ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು; ದಿನಕ್ಕೆ ಸರಾಸರಿ 35ಕ್ಕೂ ಹೆಚ್ಚು. ನಮ್ಮ ರಾಜ್ಯದ ಒಟ್ಟು ಸಂಖ್ಯೆ 13,606. 2016ರಲ್ಲಿ ಕಲಬುರಗಿಯ ನರ್ಸಿಂಗ್ ಕಾಲೇಜೊಂದರಲ್ಲಿ, ಕೇರಳದಿಂದ ಬಂದಿದ್ದ ದಲಿತ ವಿದ್ಯಾರ್ಥಿನಿಯೊಬ್ಬಳನ್ನು ಹಿರಿಯ ವಿದ್ಯಾರ್ಥಿನಿಯರು ರ‍್ಯಾಗಿಂಗಿನ ಹೆಸರಿನಲ್ಲಿ ಕ್ರೂರವಾಗಿ ಹಿಂಸಿಸಿದರೆಂಬ ದೂರು ಎರಡೂ ರಾಜ್ಯಗಳನ್ನು ಕಲಕಿತು. 2025ರ ಫೆಬ್ರವರಿಯಲ್ಲಿ ಅಂದಿನ ರಾಮನಗರ ಜಿಲ್ಲೆಯಲ್ಲಿ ಪ್ರಥಮ ವರ್ಷದ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ಹಾಸ್ಟೆಲಿನಲ್ಲಿ ತೀರಿಕೊಂಡಳು. ಇಂತಹ ಸಾವಿಗೆ ಒಂದೇ ಕಾರಣವನ್ನು ಹುಡುಕಿ ಒಬ್ಬರ ಮೇಲೆ ಹೊರಿಸುವುದು ಸುಲಭ, ಆದರೆ ಸತ್ಯವಲ್ಲ. ಖಿನ್ನತೆಯೆಂಬ ರೋಗ, ನಿದ್ದೆಗೇಡು, ಅವಮಾನ, ಸಾಲ, ಒಂಟಿತನ ಇವೆಲ್ಲ ಹಲವು ಎಳೆಗಳಾಗಿ ಹೊಸೆದುಕೊಂಡು ಒಬ್ಬರನ್ನು ಆ ಅಂಚಿಗೆ ತರುತ್ತವೆ. ಹಲವು ಎಳೆಗಳಿರುವುದರಿಂದಲೇ ಒಂದೆರಡನ್ನಾದರೂ ಬಿಡಿಸುವುದು ನಮ್ಮ ಕೈಯಲ್ಲಿದೆ.

ವಿದ್ವಾಂಸರು ಈ ಬಗ್ಗೆ ಏನು ಹೇಳಿದ್ದಾರೆ? ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ದರ್ಖೈಮ್ 1897ರಲ್ಲಿಯೇ ಆತ್ಮಹತ್ಯೆಯನ್ನು ಕುರಿತು ಗ್ರಂಥ ರಚಿಸಿ, ಸಮುದಾಯದ ನಂಟು ಸಡಿಲವಾದೆಡೆ ಈ ಅಪಾಯ ಹೆಚ್ಚುತ್ತದೆಂದು ತೋರಿಸಿದರು. ಅಮೆರಿಕದ ಮನೋವಿಜ್ಞಾನಿ ಥಾಮಸ್ ಜಾಯ್ನರ್ 2005ರಲ್ಲಿ ಇದನ್ನು ಮತ್ತಷ್ಟು ಬಿಡಿಸಿದರು. ಅವರ ಪ್ರಕಾರ ಮನುಷ್ಯನು ಸಾವನ್ನು ಬಯಸುವುದಕ್ಕೆ ಎರಡು ಭಾವನೆಗಳು ಒಟ್ಟಿಗೆ ಸೇರುತ್ತವೆ: ತನಗೆ ತನ್ನವರಾರೂ ಇಲ್ಲವೆಂಬುದು ಒಂದು, ತಾನು ತನ್ನವರಿಗೆ ಹೊರೆಯೆಂಬುದು ಇನ್ನೊಂದು. ನೋವನ್ನೂ ಸಾವನ್ನೂ ನಿತ್ಯ ಕಂಡು ಅವುಗಳ ಭಯ ಕಡಿಮೆಯಾದವರಲ್ಲಿ ಅಪಾಯ ಹೆಚ್ಚೆಂದೂ ಅವರು ಸೇರಿಸಿದರು. ಇದನ್ನು ಓದುವಾಗ ನಮ್ಮ ಕಣ್ಣಮುಂದೆ ನರ್ಸಿಂಗ್ ವಿದ್ಯಾರ್ಥಿನಿಯೇ ಬಂದು ನಿಲ್ಲುತ್ತಾಳೆ.

ಈ ‘ಹೊರೆ’ ಎಂಬ ಮಾತನ್ನು ತಂದೆತಾಯಿಗಳು ಗಮನಿಸಬೇಕು. ಫೋನಿನಲ್ಲಿ ನಾವು ಪ್ರೀತಿಯಿಂದಲೇ ಹೇಳುತ್ತೇವೆ: ‘ನಿನ್ನ ಫೀಸಿಗೆ ಸೀಮೆಹಸು ಮಾರಿದೆವು ಮಗಳೇ, ಸಂಘದಲ್ಲಿ ಸಾಲ ಎತ್ತಿದೆವು, ಚೆನ್ನಾಗಿ ಓದು.’ ಹೇಳುವವರ ಮನಸ್ಸಿನಲ್ಲಿ ಅದು ಪ್ರೋತ್ಸಾಹ. ಆದರೆ ಪರೀಕ್ಷೆಯಲ್ಲಿ ಎರಡು ವಿಷಯ ಹೋದವಳಿಗೆ ಅದು ತನ್ನ ತಲೆಯ ಮೇಲಿಟ್ಟ ತೂಕವಾಗಿ ಕೇಳುತ್ತದೆ. ತಾನಿಲ್ಲದಿದ್ದರೆ ಹಸುವಾದರೂ ಉಳಿಯುತ್ತಿತ್ತು ಎಂಬ ವಿಪರೀತ ಲೆಕ್ಕ ಆ ಸೋತ ಮನಸ್ಸಿಗೆ ನಿಜವೆನಿಸುತ್ತದೆ. ಆದುದರಿಂದ ಹಸುವಿನ ಮಾತನ್ನು ಆಡಿದವರು ಮುಂದಿನ ಮಾತನ್ನೂ ಆಡಬೇಕು: ‘ಓದು ಸಾಗದಿದ್ದರೆ ಮನೆಗೆ ಬಾ. ಸಾಲ ತೀರುತ್ತದೆ. ನೀನು ಇರಬೇಕು.’ ಈ ಮಾತು ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ ಎಂದು ಸುಮ್ಮನಿರಬಾರದು, ಬಾಯಿಬಿಟ್ಟು ಹೇಳಬೇಕು.

ಇನ್ನು ಮನೋಸ್ಥೈರ್ಯದ ವಿಷಯ. ‘ಗಟ್ಟಿಯಾಗಿರು’ ಎಂದು ನಾವು ಮಕ್ಕಳಿಗೆ ಉಪದೇಶಿಸುವುದುಂಟು. ಸ್ಥೈರ್ಯವೆಂದರೆ ಕಲ್ಲಾಗುವುದಲ್ಲ. ಹವಾಯಿ ದ್ವೀಪಗಳಲ್ಲೊಂದಾದ ಕವಾಯಿಯಲ್ಲಿ 1955ರಲ್ಲಿ ಜನಿಸಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ವಿದುಷಿ ತಮ್ಮ ಸಂಗಡಿಗರೊಡನೆ ದಶಕಗಳ ಕಾಲ ಗಮನಿಸಿದರು. ಬಡತನ, ಕಲಹ, ರೋಗಗಳ ನಡುವೆ ಬೆಳೆದವರಲ್ಲಿಯೂ ಸುಮಾರು ಮೂರರಲ್ಲೊಂದು ಪಾಲು ಮಕ್ಕಳು ಸಮರ್ಥರಾಗಿ ಬೆಳೆದರು. ಅಂಥವರ ಬಾಳಿನಲ್ಲಿ ಮತ್ತೆ ಮತ್ತೆ ಕಂಡುಬಂದ ಅಂಶಗಳಲ್ಲಿ ಒಂದೆಂದರೆ, ತಮ್ಮನ್ನು ನೆಚ್ಚಿದ ಹಿರಿಯರೊಬ್ಬರಾದರೂ ಅವರಿಗಿದ್ದರು: ಅಜ್ಜಿಯೋ, ಶಿಕ್ಷಕಿಯೋ, ನೆರೆಯವರೋ, ಧರ್ಮಸಭೆಯವರೋ. ಹೀಗಿರಲಾಗಿ ಗಟ್ಟಿಯಾಗಿರು ಎಂದು ಹೇಳುವವನು, ಆ ಗಟ್ಟಿತನಕ್ಕೆ ಆಸರೆಯಾಗಿ ತಾನೂ ನಿಲ್ಲಬೇಕಾಗುತ್ತದೆ.

ಧರ್ಮಸಭೆಯ ನಿಲುವೇನೆಂಬುದನ್ನೂ ಸ್ಪಷ್ಟವಾಗಿ ಹೇಳಬೇಕು. ಏಕೆಂದರೆ ಹಳೆಯ ಭಯವೊಂದು ಇನ್ನೂ ಮನೆಗಳಲ್ಲಿ ಉಳಿದಿದೆ. 1917ರ ಧರ್ಮಸಭಾ ಕಾನೂನು ಸಂಹಿತೆಯು, ತಿಳಿದೂ ತಿಳಿದೂ ತಮ್ಮ ಪ್ರಾಣ ತೆಗೆದುಕೊಂಡವರಿಗೆ ಧಾರ್ಮಿಕ ಅಂತ್ಯಕ್ರಿಯೆಯನ್ನು ನಿರಾಕರಿಸಿತ್ತು. 1983ರ ಹೊಸ ಸಂಹಿತೆಯಲ್ಲಿ ಆ ನಿಷೇಧವಿಲ್ಲ. ಜೀವವು ದೇವರ ಕೊಡುಗೆ, ಅದನ್ನು ಕಳೆಯುವ ಹಕ್ಕು ನಮಗಿಲ್ಲವೆಂಬ ಬೋಧನೆ ಎಂದಿನಂತೆಯೇ ಇದೆ. ಆದರೆ ತೀವ್ರ ಮನೋವ್ಯಥೆ, ಭಯ, ಯಾತನೆಗಳು ವ್ಯಕ್ತಿಯ ಹೊಣೆಯನ್ನು ಕಡಿಮೆ ಮಾಡುತ್ತವೆಂದೂ, ಅವರ ರಕ್ಷಣೆಯ ಬಗ್ಗೆ ನಿರಾಶರಾಗಬಾರದೆಂದೂ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವು ಬೋಧಿಸುತ್ತದೆ. ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಇಂತಹ ದುಃಖ ಬಂದ ಮನೆಯವರು ತಲೆ ತಗ್ಗಿಸಬೇಕಾಗಿಲ್ಲ. ಬಲಿಪೂಜೆಯಲ್ಲಿ ಅವರ ಪಕ್ಕದ ಸ್ಥಳ ಖಾಲಿ ಉಳಿಯಬಾರದು.

ದೇಶದ ಕಾನೂನೂ ಇದೇ ದಿಕ್ಕಿನಲ್ಲಿ ಸಾಗಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು, ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯವೆಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಇಲ್ಲ. ಸರ್ಕಾರಿ ಸೇವಕರನ್ನು ಬಲವಂತಪಡಿಸಲು ಮಾಡುವ ಯತ್ನವನ್ನು ಬಿಟ್ಟರೆ, ಅಂತಹ ಪ್ರಯತ್ನ ಈಗ ಅಪರಾಧವಲ್ಲ. ಪೊಲೀಸರ ಭಯದಿಂದ ಆಸ್ಪತ್ರೆಗೆ ಕರೆದೊಯ್ಯಲು ತಡಮಾಡುವುದು ಜೀವಕ್ಕೆ ಎರವಾದೀತು.

ಈಗ ಕಾರ್ಯದ ಮಾತು. ಮಗಳ ಮಾತು ಕಡಿಮೆಯಾಗಿದೆ, ಊಟ ನಿದ್ದೆ ಕೆಟ್ಟಿದೆ, ಗೆಳತಿಯರಿಂದ ದೂರ ಸರಿದಿದ್ದಾಳೆ, ತನ್ನ ಇಷ್ಟದ ವಸ್ತುಗಳನ್ನು ಹಂಚುತ್ತಿದ್ದಾಳೆ, ‘ನಾನಿಲ್ಲದಿದ್ದರೆ ನಿಮಗೆಲ್ಲ ಸುಖ’ ಎನ್ನುತ್ತಿದ್ದಾಳೆ ಎಂದರೆ ಅದನ್ನು ಹುಡುಗಾಟವೆಂದು ತಳ್ಳಬಾರದು. ಮೆಲ್ಲಗೆ, ಆದರೆ ನೇರವಾಗಿ ಕೇಳಬೇಕು: ‘ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಕಂದಾ?’ ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆಂಬ ಭಯ ಬೇಡ. ಹಾಗಾಗುವುದಿಲ್ಲವೆಂದು ಸಂಶೋಧನೆಗಳು ತೋರಿಸಿವೆ. ಎಷ್ಟೋ ವೇಳೆ ಕೇಳಿದುದರಿಂದಲೇ ಎದೆ ಹಗುರವಾಗುತ್ತದೆ. ಹೌದೆಂದರೆ ಬೈಯಬಾರದು, ಉಪದೇಶಕ್ಕೆ ತೊಡಗಬಾರದು, ಒಂಟಿಯಾಗಿ ಬಿಡಬಾರದು. ಅಪಾಯದ ವಸ್ತುಗಳನ್ನು ದೂರವಿರಿಸಿ ವೈದ್ಯರ ಬಳಿಗೆ ಕರೆದೊಯ್ಯಬೇಕು. ಹಾಸ್ಟೆಲಿನಲ್ಲಿದ್ದರೆ ಆ ಹೊತ್ತಿಗೇ ವಾರ್ಡನರಿಗೂ ಜೊತೆಗಾತಿಗೂ ತಿಳಿಸಿ, ಮೊದಲ ಬಸ್ಸಿಗೆ ಹೊರಡಬೇಕು.

ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಎಂಬ ದೂರವಾಣಿ ಸೇವೆ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ; ಕನ್ನಡದಲ್ಲಿ ಮಾತನಾಡಬಹುದು. ಅದರ ಸಂಖ್ಯೆ 14416. ಇದನ್ನು ಮನೆಯ ಕ್ಯಾಲೆಂಡರಿನ ಮೇಲೂ ಮಕ್ಕಳ ಪುಸ್ತಕದ ರಟ್ಟಿನ ಮೇಲೂ ಬರೆದಿಡಿ. ಬೆಂಗಳೂರಿನ ನಿಮ್ಹಾನ್ಸ್ ನಮಗೆ ದೂರವಲ್ಲ. ಖಿನ್ನತೆಗೆ ಔಷಧವಿದೆ, ಸಮಾಲೋಚನೆಯಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಲು ನಾಚದ ನಾವು ಇದಕ್ಕೆ ನಾಚುವುದೇಕೆ?

ನಾವು ಸಾಮಾನ್ಯರು, ನಮ್ಮಿಂದೇನಾದೀತು ಎನ್ನುವವರಿಗೆ ಎರಡು ಉದಾಹರಣೆಗಳನ್ನು ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯು ಚೆನ್ನೈಯನ್ನೂ ಒಳಗೊಂಡು ಐದು ದೇಶಗಳ ಐದು ಸ್ಥಳಗಳಲ್ಲಿ ಒಂದು ಅಧ್ಯಯನ ನಡೆಸಿ 2008ರಲ್ಲಿ ಪ್ರಕಟಿಸಿತು. ಆತ್ಮಹತ್ಯೆಗೆ ಯತ್ನಿಸಿ ಬದುಕುಳಿದ 1,867 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ರೂಢಿಯ ಚಿಕಿತ್ಸೆ. ಇನ್ನೊಂದಕ್ಕೆ ಅದರೊಡನೆ ಒಂದು ಗಂಟೆಯ ತಿಳಿವಳಿಕೆಯ ಮಾತು, ಬಳಿಕ ಹದಿನೆಂಟು ತಿಂಗಳಲ್ಲಿ ಒಂಬತ್ತು ಬಾರಿ ಫೋನಿನಲ್ಲಿಯೋ ಮನೆಗೆ ಹೋಗಿಯೋ ವಿಚಾರಿಸುವುದು. ಮೊದಲ ಗುಂಪಿನಲ್ಲಿ 18 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರೆ, ಎರಡನೆಯದರಲ್ಲಿ ಇಬ್ಬರು. ಹೋಗಿ ವಿಚಾರಿಸುವುದಕ್ಕೆ ಇಷ್ಟು ಬಲವಿದೆ.

ಎರಡನೆಯದು ಲಂಡನ್ನಿನದು. ಅಲ್ಲಿನ ಆಂಗ್ಲಿಕನ್ ಗುರು ಚಾಡ್ ವರಾ ಅವರು 1953ರಲ್ಲಿ ತಮ್ಮ ದೇವಾಲಯದಲ್ಲಿಯೇ ಒಂದು ದೂರವಾಣಿಯನ್ನಿಟ್ಟು, ಬದುಕಿನಲ್ಲಿ ಬೇಸತ್ತವರು ತಮ್ಮನ್ನು ಕಾಣಬಹುದೆಂದು ಸಾರಿದರು. ಸರದಿಗಾಗಿ ಕಾಯುವವರಿಗೆ ಚಹಾ ಕೊಟ್ಟು ಮಾತನಾಡಿಸಲು ಕೆಲವರು ಸ್ವಯಂಸೇವಕರು ಬಂದರು. ಅನೇಕರು ಆ ಸ್ವಯಂಸೇವಕರೊಡನೆ ಮಾತನಾಡಿಯೇ ಸಮಾಧಾನಗೊಂಡು, ಗುರುಗಳನ್ನು ಕಾಣದೆಯೇ ಹಿಂದಿರುಗತೊಡಗಿದರು. ಸಮರಿಟನ್ಸ್ ಎಂಬ ಪ್ರಸಿದ್ಧ ಸಂಸ್ಥೆ ಬೆಳೆದುದು ಹೀಗೆ. ನಮ್ಮ ಚೆನ್ನೈಯಲ್ಲಿಯೂ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಅವರು 1986ರಲ್ಲಿ ಸ್ನೇಹಾ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿಯೂ ಕಿವಿಗೊಡುವವರು ಸ್ವಯಂಸೇವಕರೇ. ಒಬ್ಬರ ದುಃಖವನ್ನು ನಡುವೆ ಬಾಯಿಹಾಕದೆ ಕೇಳುವ ಶಕ್ತಿ ಪೀಠದ ಮೇಲಿರುವವರಿಗೆ ಮಾತ್ರ ಮೀಸಲಾದ ವರವಲ್ಲ.

ಕಾಲೇಜುಗಳ ಹೊಣೆಯೂ ಇದೆ. 2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ದೇಶದ ಶಿಕ್ಷಣ ಸಂಸ್ಥೆಗಳಿಗೆ 15 ನಿರ್ದೇಶನಗಳನ್ನು ನೀಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವಲ್ಲಿ ಅರ್ಹ ಸಮಾಲೋಚಕರೊಬ್ಬರಾದರೂ ಇರಬೇಕೆಂಬುದು ಅವುಗಳಲ್ಲೊಂದು. ಮೂಲ ಪ್ರಮಾಣಪತ್ರಗಳನ್ನು ಕಾಲೇಜಿನವರು ಇಟ್ಟುಕೊಳ್ಳಬಾರದೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಸೂಚಿಸಿದೆ. ಮಾರ್ಕ್ಸ್ ಕಾರ್ಡು ಒತ್ತೆಯಾಗಿರುವ ಹುಡುಗಿಗೆ ಹಿಂದಿರುಗುವ ದಾರಿಯೇ ಮುಚ್ಚಿದಂತೆ ತೋರುತ್ತದೆಯಲ್ಲವೇ? ರ‍್ಯಾಗಿಂಗನ್ನು 1983ರ ಕರ್ನಾಟಕ ಶಿಕ್ಷಣ ಕಾಯಿದೆ ನಿಷೇಧಿಸಿದೆ. ಪ್ರವೇಶಕ್ಕೆ ಹೋದಾಗ ಫೀಸೆಷ್ಟು ಎಂದು ಮಾತ್ರ ಕೇಳಿ ಬರಬೇಡಿ. ಸಮಾಲೋಚಕರು ಯಾರು, ರಾತ್ರಿ ಪಾಳಿಯ ಬಳಿಕ ಮಕ್ಕಳಿಗೆ ವಿಶ್ರಾಂತಿಯುಂಟೇ, ಕಾಯಿಲೆಯಾದರೆ ಮನೆಗೆ ಯಾರು ತಿಳಿಸುತ್ತಾರೆ ಎಂದೂ ಕೇಳಿ. ಅದು ತಮ್ಮ ಹಕ್ಕು.

ಇನ್ನು ನಮ್ಮ ಧರ್ಮಕೇಂದ್ರದ ಪಾಲು. ಪ್ರವಾದಿ ಎಲೀಯನು ಬಳಲಿ, ಮರುಭೂಮಿಯ ಗಿಡವೊಂದರ ಕೆಳಗೆ ಕುಳಿತು ತನಗೆ ಸಾವು ಬರಲೆಂದು ಬೇಡಿಕೊಂಡಾಗ, ದೇವದೂತನು ಗದರಿಸಲಿಲ್ಲ. ಮುಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟನು, ಮತ್ತೆ ಮಲಗಗೊಟ್ಟನು, ಮತ್ತೆ ಎಬ್ಬಿಸಿ ಉಣಬಡಿಸಿದನು. ದೇವರು ಅವನೊಡನೆ ಮಾತನಾಡಿದುದು ಆಮೇಲೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಕಾವಲುಗಾರನು ಕೈದಿಗಳೆಲ್ಲ ಓಡಿಹೋದರೆಂದು ಭ್ರಮಿಸಿ ಪ್ರಾಣ ಕಳೆದುಕೊಳ್ಳಲು ಹೊರಟಾಗ, ಸಂತ ಪೌಲರು ಕತ್ತಲೆಯೊಳಗಿನಿಂದ ಗಟ್ಟಿಯಾಗಿ ಕೂಗಿ, ತಾವೆಲ್ಲರೂ ಅಲ್ಲಿಯೇ ಇರುವುದನ್ನು ತಿಳಿಸಿದರು. ಅವನನ್ನು ಉಳಿಸಿದುದು ಆ ಸುದ್ದಿ.

ಆದುದರಿಂದ ಶತಮಾನೋತ್ಸವದ ಈ ವರ್ಷದಿಂದ ಮೂರು ಕೆಲಸಗಳನ್ನು ಕೈಗೊಳ್ಳೋಣವೆಂದು ತಮ್ಮ ಮುಂದಿಡುತ್ತೇವೆ. ಮೊದಲನೆಯದು, ಊರು ಬಿಟ್ಟು ಓದುತ್ತಿರುವ ಪ್ರತಿಯೊಂದು ಮಗುವಿನ ಹೆಸರನ್ನೂ ಒಂದು ಪುಸ್ತಕದಲ್ಲಿ ಬರೆದು, ಒಬ್ಬೊಬ್ಬರನ್ನೂ ಧರ್ಮಕೇಂದ್ರದ ಒಂದೊಂದು ಕುಟುಂಬಕ್ಕೆ ಒಪ್ಪಿಸುವುದು. ಆ ಕುಟುಂಬದವರು ತಿಂಗಳಿಗೊಮ್ಮೆ ಫೋನು ಮಾಡಿ ಅಂಕಗಳನ್ನು ಕೇಳದೆ ಊಟ, ನಿದ್ದೆ, ಗೆಳತಿಯರನ್ನು ಕುರಿತು ಕೇಳುವುದು. ಎರಡನೆಯದು, ಓದನ್ನು ಅರ್ಧಕ್ಕೆ ಬಿಟ್ಟು ಬಂದ ಮಕ್ಕಳನ್ನು ಕುರಿತು ದೇವಾಲಯದ ಅಂಗಳದಲ್ಲಿ ಹಗುರವಾಗಿ ಆಡದಿರುವುದು. ಮೂರನೆಯದು, ನಮ್ಮ ಮಕ್ಕಳು ಪರಊರಿನಲ್ಲಿರುವಂತೆ ಪರಊರಿನ ಮಕ್ಕಳು ನಮ್ಮ ಜಿಲ್ಲೆಯ ಹಾಸ್ಟೆಲುಗಳಲ್ಲಿದ್ದಾರೆ. ಕ್ರಿಸ್ಮಸ್ಸಿಗೆ ರಜೆ ಸಿಗದೆ ಉಳಿದವರನ್ನು, ಅವರು ಯಾವ ಮತದವರೇ ಆಗಿರಲಿ, ಮನೆಗೆ ಕರೆದು ಊಟಕ್ಕಿಡುವುದು.

ಮಾಸ್ತಿ ಎಂದೊಡನೆ ನಾಡಿನ ಜನಕ್ಕೆ ಜ್ಞಾನಪೀಠ ಪುರಸ್ಕೃತರಾದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ನೆನಪಾಗುತ್ತಾರೆ. ಆದರೆ ಆ ಪದ ಬಂದುದು ‘ಮಹಾಸತಿ’ ಎಂಬುದರಿಂದ. ಕರ್ನಾಟಕದ ಎಷ್ಟೋ ಊರುಗಳ ಹೊರಗೆ ಮಾಸ್ತಿಕಲ್ಲುಗಳು ನಿಂತಿವೆ, ಬಳೆ ತೊಟ್ಟ ಕೈಯೊಂದನ್ನು ಮೇಲೆತ್ತಿದಂತೆ ಕೆತ್ತಿದ ಕಲ್ಲುಗಳು. ಹೆಣ್ಣು ಸತ್ತ ಮೇಲೆ ಅವಳಿಗೆ ಕಲ್ಲು ನಿಲ್ಲಿಸಿ ಕೈಮುಗಿದ ಕಾಲವದು. ಬದುಕಿದ್ದಾಗ ಅವಳು ಏನು ಹೇಳಬಯಸಿದ್ದಳೆಂಬುದು ಆ ಕಲ್ಲುಗಳ ಮೇಲೆ ಬರೆದಿಲ್ಲ. ನಮ್ಮ ಮಕ್ಕಳಿಗೆ ಕಲ್ಲೂ ಬೇಡ, ಕಣ್ಣೀರಿನ ಶ್ರದ್ಧಾಂಜಲಿಯೂ ಬೇಡ. ಎತ್ತಿದ ಕೈಯನ್ನು ಇಂದೇ, ಅದು ಬಿಸಿಯಿರುವಾಗಲೇ, ಹಿಡಿಯೋಣ.

ಇಲ್ಲಿ ಕುಳಿತಿರುವ ಯುವಜನರಲ್ಲಿ ಯಾರಿಗಾದರೂ ಈ ಮಾತುಗಳು ತಮ್ಮನ್ನೇ ಕುರಿತವೆಂದು ಅನಿಸಿದ್ದರೆ, ಮಕ್ಕಳೇ, ಸಭೆ ಮುಗಿದ ಮೇಲೆ ಮನೆಗೆ ಹೋಗುವ ಮುನ್ನ ಒಬ್ಬರೊಡನೆ ಮಾತನಾಡಿ. ತಾಯಿಯೊಡನೆ, ಸಿಸ್ಟರೊಡನೆ, ಗೆಳೆಯನೊಡನೆ, ನಮ್ಮೊಡನೆ, ಯಾರಾದರೂ ಆಗಲಿ. ಗುರುಮನೆಯ ಬಾಗಿಲನ್ನು ಎಷ್ಟು ಹೊತ್ತಿಗೆ ಬೇಕಾದರೂ ತಟ್ಟಬಹುದು.

ದಯಾಮಯರಾದ ದೇವರು ತಮ್ಮೆಲ್ಲರನ್ನೂ, ದೂರದಲ್ಲಿರುವ ನಮ್ಮ ಮಕ್ಕಳನ್ನೂ ಆಶೀರ್ವದಿಸಿ ಕಾಪಾಡಲಿ.